ಆಯಾ ಕೋಟು

ಆ ಕೋಟನ್ನು ಹೊಲಿದವಳು ಹುಲಿಗೆಮ್ಮನೇ. ಪ್ರೀತಿಯಿಂದ ಹೊಲಿದಳು. ಹೊಟ್ಟೆ ಉರಿಯುವುದು ಅದಕ್ಕೇ.

ಜೂನ್ ತಿಂಗಳು. ಶಾಲೆ ಆಗತಾನೇ ಶುರುವಾಗಿತ್ತು. ಶಿವಮೊಗ್ಗದ ವಿದ್ಯಾನಗರದ ಆ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಹುಲಿಗೆಮ್ಮ ಆಯಾ. ನೆಲ ಒರೆಸುವುದು, ಕಕ್ಕಸು ತೊಳೆಯುವುದು, ಚಿಕ್ಕ ಮಕ್ಕಳು ಒದ್ದೆ ಮಾಡಿಕೊಂಡರೆ ಚಡ್ಡಿ ಬದಲಿಸುವುದು ಅವಳ ಕೆಲಸ. ಆಯಾಗಳು ನೀಲಿ ಕೋಟು ಹಾಕಬೇಕು. ಕೋಟನ್ನು ಅವರವರೇ ಹೊಲಿಸಿಕೊಳ್ಳಬೇಕು. ಕೋಟಿಲ್ಲದೆ ಗೇಟಿನೊಳಗೆ ಬಿಡುವುದಿಲ್ಲ.

ಒಂದು ದಿನ ಪ್ರಿನ್ಸಿಪಾಲ್ ವಿಷ್ಣುಪ್ರಸಾದರು ಅವಳನ್ನು ಕೋಣೆಗೆ ಕರೆಸಿದರು.

"ನಿನ್ನ ಹಳೇ ಕೋಟು ಇದೆಯೇನಮ್ಮಾ?"

"ಐತೆ ಸಾರ್. ಮೊಣಕೈ ಹತ್ರ ಹರಿದೋಗಿದೆ."

"ಅದನ್ನೇ ಕತ್ತರಿಸಿ ಒಂದು ಚಿಕ್ಕ ಕೋಟು ಮಾಡ್ಕೊಡು. ಒಂದನೇ ಕ್ಲಾಸಿನ ಮಕ್ಕಳಿಗೆ ಆಗಬೇಕು, ಅಷ್ಟು ಅಳತೆ."

ಯಾಕೆ ಎಂದು ಕೇಳುವ ಅಭ್ಯಾಸ ಅವಳಿಗಿರಲಿಲ್ಲ. ಹೋದ ವರ್ಷ ವಾರ್ಷಿಕೋತ್ಸವದಲ್ಲಿ ಮಕ್ಕಳು ಪೊಲೀಸ್, ಡಾಕ್ಟರು, ಪೋಸ್ಟ್‌ಮ್ಯಾನ್ ವೇಷ ಹಾಕಿಕೊಂಡು ವೇದಿಕೆಯ ಮೇಲೆ ಬಂದಿದ್ದರು. ಈ ವರ್ಷ ಯಾವುದೋ ಮಗು ಆಯಾ ವೇಷ ಹಾಕುತ್ತದೆ ಎಂದು ಹುಲಿಗೆಮ್ಮ ತಿಳಿದಳು. ಅವಳ ಎದೆ ಹಿಗ್ಗಿತು. ಭದ್ರಾವತಿಯ ಕಾಗದನಗರದಲ್ಲಿರುವ ಮನೆಗೆ ಬಂದು ಗಂಡನಿಗೆ ಹೇಳಿದಳು.

"ಈ ಸಲ ಆಯಾ ವೇಷ ಇಟ್ಟವ್ರೆ ಕಣ್ರೀ."

"ನಿನ್ನ ವೇಷ ಹಾಕ್ಕೊಂಡು ಯಾರು ಕುಣೀತಾರೆ ಮಾರಾಯ್ತಿ! ಕೈಗೆ ಪೊರಕೆನೂ ಕೊಡ್ತಾರಾ?" ಎಂದು ನಾಗಯ್ಯ ನಕ್ಕ.

"ಕೊಡ್ಲಿ. ಪೊರಕೆ ಇಲ್ದೆ ಯಾವ ಸ್ಕೂಲು ನಡೀತದೆ?"

ಅವಳ ಬಳಿ ಮೆಷಿನ್ ಇರಲಿಲ್ಲ. ಕೈಯಲ್ಲೇ ಹೊಲಿದಳು. ಒತ್ತೊತ್ತಾಗಿ ಹೊಲಿಗೆ ಹಾಕಿದಳು. ಹರಿದ ಭಾಗ ತೆಗೆದು ಗಟ್ಟಿ ಬಟ್ಟೆ ಮಾತ್ರ ಇಟ್ಟುಕೊಂಡಳು. ಎದುರಿಗೆ ಒಂದು ದೊಡ್ಡ ಜೇಬು ಇಟ್ಟಳು. ಆಯಾ ಎಂದ ಮೇಲೆ ಜೇಬು ಬೇಕು. ಮಕ್ಕಳ ಮೂಗು ಒರೆಸುವ ಬಟ್ಟೆ ಎಲ್ಲಿಡುವುದು? ಕೊನೆಗೆ ಮೊಮ್ಮಗಳು ರಂಜಿನಿಗೆ ತೊಡಿಸಿ ಅಳತೆ ನೋಡಿದಳು. ಸರಿಯಾಗಿ ಕೂತಿತು. ರಂಜಿನಿ ಎರಡೂ ಕೈಗಳನ್ನು ಜೇಬಿನೊಳಗೆ ತೂರಿಸಿ ಮನೆ ತುಂಬ ಓಡಾಡಿದಳು.

ರಂಜಿನಿ ಹುಲಿಗೆಮ್ಮನ ಮಗಳ ಮಗಳು. ಆರು ವರ್ಷ. ಅದೇ ಶಾಲೆಯಲ್ಲಿ ಒಂದನೇ ಕ್ಲಾಸು. ಆಯಾಗಳ ಮನೆಯ ಒಂದು ಮಗುವಿಗೆ ಅಲ್ಲಿ ಫೀಸಿಲ್ಲ. ಹುಲಿಗೆಮ್ಮ ಆ ಶಾಲೆಗೆ ಸೇರಿದ್ದೇ ಅದಕ್ಕೋಸ್ಕರ.

ಮಗಳು ಸೌಂದರ್ಯ ತೀರಿಕೊಂಡು ವರ್ಷ ತುಂಬಿತ್ತು. ಸರಕಾರಿ ಶಾಲೆಯಲ್ಲಿ ಓದಿ, ಪಿಯುಸಿ ಮುಗಿಸಿ, ದುರ್ಗಿಗುಡಿಯ ಒಂದು ದೊಡ್ಡ ಬಟ್ಟೆ ಅಂಗಡಿಗೆ ಸೇರಿದ್ದ ಹುಡುಗಿ. ಮೊದಲು ಕೌಂಟರಿನಲ್ಲಿ ನಿಲ್ಲಿಸಿದ್ದರು. ಒಂದು ದಿನ ಯಾರೋ ಹೆಂಗಸು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಸೌಂದರ್ಯ ನಕ್ಕಳು. ಅರ್ಥವಾಗದಿದ್ದಾಗ ನಗುವುದು ಆ ಹುಡುಗಿಯ ಸ್ವಭಾವ. ತನ್ನನ್ನು ನೋಡಿ ನಗುತ್ತಾಳೆಂದು ಆ ಹೆಂಗಸು ಮಾಲೀಕನಿಗೆ ದೂರು ಕೊಟ್ಟಳು. ಮರುದಿನದಿಂದ ಸೌಂದರ್ಯಳನ್ನು ಮೇಲಿನ ಕೋಣೆಗೆ ಹಾಕಿದರು. ಕಿಟಕಿಯಿಲ್ಲದ ಕೋಣೆ. ಕೆಳಗಿನಿಂದ ಬಿಚ್ಚಿ ಬಿಸಾಡಿದ ಸೀರೆಗಳು ಬರುತ್ತಿದ್ದವು. ಮಡಚಿ ಮಡಚಿ ಕೆಳಗೆ ಕಳಿಸಬೇಕು. ಮದುವೆಯಾಯಿತು, ಮಗುವಾಯಿತು, ಗಂಡ ಬಿಟ್ಟುಹೋದ. ಆಕೆ ಮಾತ್ರ ಅದೇ ಕೋಣೆಯಲ್ಲಿ ಸೀರೆ ಮಡಚುತ್ತಾ ಉಳಿದಳು. ಆಮೇಲೆ ಕಾಮಾಲೆ ಬಂತು. ಕಣ್ಣು, ಉಗುರು ಎಲ್ಲ ಅರಿಸಿನವಾಯಿತು. ಆಸ್ಪತ್ರೆಯ ಮಂಚದ ಮೇಲೆ ತಾಯಿಯ ಕೈ ಹಿಡಿದುಕೊಂಡು ಹೇಳಿದಳು:

"ಅವ್ವಾ, ನನ್ನ ಮಗಳು ಮೇಲಿನ ಕೋಣೇಲಿ ಕೂರಬಾರದು. ಅವಳು ಕೌಂಟರಲ್ಲಿ ನಿಂತ್ಕೋಬೇಕು."

ಹುಲಿಗೆಮ್ಮ ಸೆರಗಿನ ಗಂಟಿನಲ್ಲಿದ್ದ, ಮನೆದೇವರು ಅಮ್ಮನ ಭಂಡಾರದ ಅರಿಸಿನವನ್ನು ಮಗಳ ಹಣೆಗಿಟ್ಟು ಮಾತು ಕೊಟ್ಟಳು. ಹುಲಿಗೆಮ್ಮ ಎಂಬ ಅವಳ ಹೆಸರೇ ಆ ದೇವರ ಹೆಸರು. ಆ ದೇವಿಯನ್ನು ಮುಟ್ಟಿ ಕೊಟ್ಟ ಮಾತನ್ನು ಅವಳು ಎಂದೂ ತಪ್ಪಿದವಳಲ್ಲ.

ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಹೋದ ವರ್ಷ ಯುಕೆಜಿಯಲ್ಲಿದ್ದಾಗ ರಂಜಿನಿ ಸಂಜೆ ಬಸ್ಸಿನಲ್ಲಿ ಅಜ್ಜಿಯ ತೊಡೆಯ ಮೇಲೆ ಕೂತು ಕಿಟಕಿಯ ಹೊರಗೆ ಬೆರಳು ತೋರಿಸುತ್ತಿದ್ದಳು.

"ಅಜ್ಜಿ, ಕೌ!"

"ಕೌ."

"ಅಜ್ಜಿ, ಬ್ರಿಜ್!"

"ಬಿರ್ಜು."

"ಬಿರ್ಜು ಅಲ್ಲ ಅಜ್ಜಿ, ಬ್ರಿಜ್! ಜೋರಾಗಿ ಹೇಳು!"

ಬಸ್ಸಿನವರೆಲ್ಲ ನಗುತ್ತಿದ್ದರು. ಹುಲಿಗೆಮ್ಮನೂ ನಗುತ್ತಿದ್ದಳು. ಆ ಭಾಷೆಯ ಮೇಲೆ ಅವಳಿಗೆ ಯಾವ ಸಿಟ್ಟೂ ಇರಲಿಲ್ಲ. ಅದನ್ನು ಕಲಿಯಲೆಂದೇ ಮಗುವನ್ನು ಕಳಿಸಿದ್ದಳು.

ಅದೇ ಬಸ್ಸಿನಲ್ಲಿ ಮೋನಿಕಾ ಮಿಸ್ ಕೂಡ ಬರುತ್ತಿದ್ದಳು. ಒಂದನೇ ಕ್ಲಾಸಿನ ಟೀಚರು. ಅವಳ ಅಪ್ಪ ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆಯ ಮುಂದೆ ದುಡಿದವನು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಬಸ್ಸಿನಲ್ಲಿ ಹುಲಿಗೆಮ್ಮನ ಪಕ್ಕದಲ್ಲೇ ಕೂತು, "ಏನ್ರೀ ಹುಲಿಗೆಮ್ಮ, ತಿಂಡಿ ಆಯ್ತಾ? ಸೊಪ್ಪು ಎಲ್ಲಿ ತಗೊಂಡ್ರಿ?" ಎಂದು ಬಾಯ್ತುಂಬ ಮಾತಾಡುತ್ತಿದ್ದಳು. ಶಾಲೆಯ ಗೇಟು ದಾಟಿದೊಡನೆ ಅವಳಿಗೆ ಹುಲಿಗೆಮ್ಮನ ಗುರುತೇ ಇರುತ್ತಿರಲಿಲ್ಲ. ಹುಲಿಗೆಮ್ಮನಿಗೂ ಒಂದು ಕಟ್ಟಪ್ಪಣೆಯಿತ್ತು. ಆಯಾಗಳು ಮಕ್ಕಳ ಹತ್ತಿರ ಮಾತಾಡಬಾರದು. ಅವರಿಗೆ ಬರುವುದು ಕನ್ನಡ, ಅದು ಮಕ್ಕಳಿಗೆ ಅಂಟುತ್ತದೆ. ಏನಿದ್ದರೂ ಕೈಸನ್ನೆ. ರಂಜಿನಿಯೂ ಗೇಟಿನೊಳಗೆ ಅವಳನ್ನು ಅಜ್ಜಿ ಎನ್ನಬಾರದು. ಬೆಳಗ್ಗೆ ಗೇಟಿನ ಹೊರಗೆ ಮಗುವಿನ ಕೈ ಬಿಟ್ಟರೆ ಸಂಜೆ ಗೇಟಿನ ಹೊರಗೇ ಹಿಡಿಯುವುದು.

ಕೋಟು ಕೊಟ್ಟು ಒಂದು ವಾರವಾಗಿರಬೇಕು. ಹುಲಿಗೆಮ್ಮ ಬಕೆಟ್ ಹಿಡಿದು ವರಾಂಡಕ್ಕೆ ಬಂದಳು. ವರಾಂಡದ ಕೊನೆಯಲ್ಲಿ ಆಯಾಗಳು ಕೂರುವ ಮರದ ಬೆಂಚು ಇತ್ತು. ಅದರ ಮೇಲೆ ಒಬ್ಬ ಹುಡುಗ ಕೂತಿದ್ದ. ಮೈಮೇಲೆ ಅವಳು ಹೊಲಿದ ಕೋಟು. ಹುಡುಗ ಅಡಿಕೆ ವ್ಯಾಪಾರದ ಭೈರಪ್ಪನವರ ಮೊಮ್ಮಗ ಶ್ರೇಯಸ್. ಮುಖ ಕೆಂಪಾಗಿತ್ತು. ಕ್ಲಾಸಿನ ಮಕ್ಕಳು ಬಾಗಿಲಿನಿಂದ ತಲೆ ಹಾಕಿ "ಆಯಾ! ಆಯಾ!" ಎಂದು ಕೂಗಿ ಒಳಗೆ ಓಡುತ್ತಿದ್ದವು.

ನಾಟಕದ ಅಭ್ಯಾಸ ನಡೆದಿದೆ ಎಂದುಕೊಂಡು ಹುಲಿಗೆಮ್ಮ ಹುಡುಗನ ಕಡೆ ನೋಡಿ ನಕ್ಕಳು. ಹುಡುಗ ಮುಖ ತಿರುಗಿಸಿದ.

ಇನ್ನೊಬ್ಬ ಆಯಾ ಶಾಂತಮ್ಮ ಅವಳನ್ನು ಕಕ್ಕಸಿನ ಕಡೆ ಎಳೆದುಕೊಂಡು ಹೋದಳು.

"ನಗ್ತೀಯಲ್ಲೇ ಮಾರಾಯ್ತಿ! ಅದು ನಾಟಕ ಅಲ್ಲ. ಕನ್ನಡ ಮಾತಾಡಿದೋರಿಗೆ ಹಾಕೋದು. ಒಂದು ಪಿರೇಡು ನಮ್ಮ ಬೆಂಚಲ್ಲಿ ಕೂರಬೇಕು. ಕನ್ನಡ ಮಾತಾಡಿದ್ರೆ ಮುಂದೆ ಆಯಾ ಆಗ್ತೀರಿ ಅಂತ ಪ್ರಿನ್ಸಿಪಾಲ್ರು ಪ್ರೇಯರಲ್ಲೇ ಹೇಳವ್ರೆ. ನಿಂಗೆ ಗೊತ್ತಿರ್ಲಿಲ್ವಾ?"

ಹುಲಿಗೆಮ್ಮನ ಕೈಯಲ್ಲಿ ಕಕ್ಕಸು ತಿಕ್ಕುವ ಬ್ರಷ್ ಇತ್ತು. ಅವಳು ಕೂತು ತಿಕ್ಕತೊಡಗಿದಳು. ತಿಕ್ಕಿದ್ದನ್ನೇ ತಿಕ್ಕಿದಳು. ತಾನು ಇಟ್ಟ ಜೇಬು ನೆನಪಾಯಿತು. ಒತ್ತೊತ್ತಾದ ಹೊಲಿಗೆ ನೆನಪಾಯಿತು. ಶನಿವಾರ ಆ ಕೋಟನ್ನು ಒಗೆಯುವ ಕೆಲಸವೂ ಅವಳಿಗೇ ಬಂತು. ಒಗೆದಳು. ಒಣಗಿಸಿದಳು. ಬೆಂಚಿನ ಪಕ್ಕದ ಮೊಳೆಗೆ ನೇತುಹಾಕಿದಳು.

ಕೆಲವು ದಿನಗಳಲ್ಲಿ ಭೈರಪ್ಪನವರ ಕಾರು ಬಂತು. ಅವರು ಪ್ರಿನ್ಸಿಪಾಲರ ಕೋಣೆಗೆ ಬಿರಬಿರನೆ ನುಗ್ಗಿದರು. ಹುಲಿಗೆಮ್ಮ ಆ ಕೋಣೆಯ ಹೊರಗೆ ನೆಲ ಒರೆಸುತ್ತಿದ್ದಳು. ಬಾಗಿಲು ತೆರೆದೇ ಇತ್ತು.

"ಏನ್ರೀ, ನನ್ನ ಮೊಮ್ಮಗನ ಮೈಗೆ ಎಂಥಾ ಬಟ್ಟೆ ಹಾಕಿಸಿದ್ರಿ?"

"ಶಿಸ್ತಿಗೋಸ್ಕರ ಸಾರ್. ಕನ್ನಡ ಮಾತಾಡಬಾರದು ಅಂತ..."

"ಮಾತಾಡಿದ್ರೆ ಎರಡು ಬಾರಿಸ್ರಿ, ನಾನು ಬೇಡ ಅನ್ನಲ್ಲ. ಇಂಗ್ಲಿಷ್ ಬರ್ಲಿ ಅಂತಾನೇ ಇಲ್ಲಿಗೆ ಹಾಕಿರೋದು. ಆದ್ರೆ ಆ ಬಟ್ಟೆ ಯಾರದ್ದು? ಆ ನೆಲ ಒರೆಸೋ ಹೆಂಗಸಿಂದು ತಾನೆ? ಅವಳು ಯಾವ ಜನ ಅಂತ ಗೊತ್ತೇನ್ರೀ ನಿಮಗೆ? ಹುಡುಗನ ತಲೆ ಮೇಲೆ ನೀರು ಹಾಕಿ ಒಳಗೆ ಕರ್ಕೊಂಡ್ವಿ. ನಮ್ಮ ಮನೇಲಿ ಅವರಜ್ಜಿ ಎರಡು ದಿನ ಊಟ ಮಾಡ್ಲಿಲ್ಲ."

"ತಪ್ಪಾಯ್ತು ಸಾರ್. ಇನ್ನು ಶ್ರೇಯಸ್‌ಗೆ ಹಾಕಲ್ಲ."

ಹುಲಿಗೆಮ್ಮನ ಕೈ ನಿಲ್ಲಲಿಲ್ಲ. ನಿಂತಿದ್ದರೆ ಅವಳಿಗೆ ಕೇಳಿಸಿತು ಎಂದು ಅವರಿಗೆ ಗೊತ್ತಾಗುತ್ತಿತ್ತು. ಭೈರಪ್ಪನವರು ಹೊರಗೆ ಬಂದರು. ಒದ್ದೆ ನೆಲ ನೋಡಿ, ಪಂಚೆ ಎತ್ತಿ ಹಿಡಿದು, ಗೋಡೆಯ ಬದಿಗೆ ಸರಿದು ನಡೆದರು.

ಆ ದಿನದಿಂದ ಶ್ರೇಯಸ್‌ನಂಥವರು ಕನ್ನಡ ಮಾತಾಡಿದರೆ ಬರೆಯುವ ಶಿಕ್ಷೆ. ಕೋಟು ಮಾತ್ರ ಮೊಳೆಯ ಮೇಲೆ ಉಳಿಯಿತು. ಯಾರ ಮನೆಯಿಂದ ಕಾರು ಬರುವುದಿಲ್ಲವೋ ಆ ಮಕ್ಕಳಿಗೆ ಉಳಿಯಿತು. ಒಂದು ದಿನ ಆಟೋದವನ ಮಗ. ಇನ್ನೊಂದು ದಿನ ಗಾರೆ ಕೆಲಸದವನ ಮಗಳು. ಆಮೇಲೆ ರಂಜಿನಿ.

ಅವಳು ಮಾಡಿದ ತಪ್ಪು ಇಷ್ಟೇ. ಪಕ್ಕದ ಹುಡುಗಿಯ ಪೆನ್ಸಿಲ್ ಕೆಳಗೆ ಬಿತ್ತು. "ತಗೋ" ಎಂದಳು.

ಹುಲಿಗೆಮ್ಮ ಬಕೆಟ್ ಹಿಡಿದು ವರಾಂಡಕ್ಕೆ ಬಂದಾಗ ಮೊಮ್ಮಗಳು ಬೆಂಚಿನ ಮೇಲಿದ್ದಳು. ಅದೇ ಕೋಟು. ಅಳತೆ ಅವಳದೇ ಅಲ್ಲವೇ, ಸರಿಯಾಗಿ ಕೂತಿತ್ತು. ಎರಡೂ ಕೈ ಜೇಬಿನೊಳಗಿದ್ದವು. ಮಗು ಅಜ್ಜಿಯನ್ನು ನೋಡಿತು. ತಲೆ ತಗ್ಗಿಸಿತು.

ಪ್ರಿನ್ಸಿಪಾಲರು ಆಚೆ ತುದಿಯಲ್ಲಿ ನಿಂತಿದ್ದರು. ಹುಲಿಗೆಮ್ಮ ಬಾಯಿ ತೆರೆದರೆ ಮಗುವಿಗೆ ಇನ್ನೊಂದು ಪಿರೇಡು ಶಿಕ್ಷೆ. ಅವಳು ಬಗ್ಗಿ ಒರೆಸುತ್ತಾ ಬೆಂಚಿನ ತನಕ ಬಂದಳು. ಕಾಲು ಎತ್ತು ಎಂದು ಕೈಸನ್ನೆ ಮಾಡಿದಳು. ಮಗು ಕಾಲೆತ್ತಿತು. ಅಜ್ಜಿ ಮೊಮ್ಮಗಳ ಕಾಲಡಿಯ ನೆಲ ಒರೆಸಿ ಮುಂದಕ್ಕೆ ಹೋದಳು.

ಸಂಜೆ ಬಸ್ಸಿನಲ್ಲಿ ಹುಲಿಗೆಮ್ಮ ಮಗುವಿನ ಕಿವಿಯಲ್ಲಿ ಹೇಳಿದಳು: "ಬಂದ್ರೆ ಇಂಗ್ಲಿಷ್ ಮಾತಾಡು. ಬರದಿದ್ರೆ ಬಾಯಿ ಮುಚ್ಕೊಂಡಿರು. ಸುಮ್ನಿದ್ರೆ ಯಾರೂ ಏನೂ ಮಾಡಲ್ಲ ಪುಟ್ಟಾ."

ಮಗು ಆ ಮಾತನ್ನು ಚೆನ್ನಾಗಿ ಕಲಿಯಿತು. ಇಂಗ್ಲಿಷಿಗಿಂತ ಚೆನ್ನಾಗಿ ಕಲಿಯಿತು. ಮೊದಲು ಶಾಲೆಯಲ್ಲಿ ಮಾತು ನಿಂತಿತು. ಆಮೇಲೆ ಬಸ್ಸಿನಲ್ಲಿ. ಆಮೇಲೆ ಮನೆಯಲ್ಲಿ. ಹಸಿವಾದರೆ ಹೊಟ್ಟೆ ತೋರಿಸುತ್ತಿದ್ದಳು. ನೀರು ಬೇಕಾದರೆ ಹೆಬ್ಬೆರಳು ಬಾಯಿಗೆ ತರುತ್ತಿದ್ದಳು. ಅಜ್ಜಿ ಶಾಲೆಯಲ್ಲಿ ಮಾಡುವ ಕೈಸನ್ನೆಗಳೇ ಅವು. ಕಿಟಕಿಯ ಹೊರಗೆ ಹಸು ನಿಂತಿದ್ದರೂ ಕೌ ಎನ್ನುತ್ತಿರಲಿಲ್ಲ. ಕನ್ನಡ ಹೋಯಿತು. ಇಂಗ್ಲಿಷೂ ಬರಲಿಲ್ಲ.

"ರಂಜಿನಿ ಈಗ ತುಂಬಾ ಗುಡ್ ಗರ್ಲ್ ಕಣ್ರೀ ಹುಲಿಗೆಮ್ಮ. ಒಂದು ಕಂಪ್ಲೇಂಟ್ ಇಲ್ಲ" ಎಂದಳು ಮೋನಿಕಾ ಮಿಸ್ ಬಸ್ಸಿನಲ್ಲಿ.

ನಾಗಯ್ಯ ಮಾತ್ರ ಸಹಿಸಲಿಲ್ಲ. ಕಾಗದದ ಕಾರ್ಖಾನೆಯಲ್ಲಿ ದಿಮ್ಮಿ ಹೊತ್ತು ಬೆನ್ನು ಬಿದ್ದುಹೋದ ಮನುಷ್ಯ. ಕಾರ್ಖಾನೆ ನಿಂತ ಮೇಲೆ ಮನೆಯಲ್ಲೇ ಇದ್ದ. ದಿನವಿಡೀ ಮಾತಾಡಲು ಅವನಿಗೆ ಇದ್ದದ್ದು ಈ ಮಗು ಒಂದೇ.

"ಕೂಸಿನ ಬಾಯಿ ಹೊಲಿದು ಹಾಕಿದ್ರಲ್ಲೇ. ಬಿಡಿಸಿಬಿಡು."

"ಸೌಂದರ್ಯಂಗೆ ಮಾತು ಕೊಟ್ಟಿದೀನಿ. ನೀವು ಸುಮ್ನಿರಿ."

ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡುವ ದಿನ. ವರ್ಷ ತುಂಬಿದ ಮೇಲೆ ಸೌಂದರ್ಯಳಿಗೆ ಇದು ಮೊದಲನೆಯ ಎಡೆ. ಹುಲಿಗೆಮ್ಮ ಬೆಳಗ್ಗಿನಿಂದ ಒಲೆಯ ಮುಂದಿದ್ದಳು. ಮಗಳಿಗೆ ಇಷ್ಟವಾದದ್ದೆಲ್ಲ ಮಾಡಿದಳು. ಶಾವಿಗೆ ಪಾಯಸ, ಕಡಲೆಬೇಳೆ ವಡೆ, ಹುಳಿ ಹಿಂಡಿದ ಮೀನು ಸಾರು. ಬಾಳೆಲೆ ಹಾಸಿ ಬಡಿಸಿದಳು. ಒಂದು ಸೀರೆ ಇಟ್ಟಳು. ಮಗಳು ಮಡಚುತ್ತಿದ್ದ ಹಾಗೆಯೇ ಮಡಚಿ ಇಟ್ಟಳು. ಧೂಪ ಹಾಕಿದಳು.

ಅವರ ಮನೆತನದಲ್ಲಿ ಒಂದು ಪದ್ಧತಿಯುಂಟು. ಸತ್ತವರನ್ನು ಅವರ ಹೊಟ್ಟೆಯಲ್ಲಿ ಹುಟ್ಟಿದ ಕೂಸೇ ಕರೆಯಬೇಕು. ಬಾಯಿಬಿಟ್ಟು ಊಟಕ್ಕೆ ಕರೆಯಬೇಕು. ಬೇರೆ ಯಾರು ಕರೆದರೂ ಅವರು ಬರುವುದಿಲ್ಲ. ಕರೆದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡು ನಿಲ್ಲಬೇಕು. ಒಳಗೆ ಅವರು ಉಣ್ಣುತ್ತಾರೆ.

ರಂಜಿನಿ ಸ್ನಾನ ಮಾಡಿ, ಹೊಸ ಲಂಗ ತೊಟ್ಟು, ಎಲೆಯ ಮುಂದೆ ಕೈ ಮುಗಿದು ನಿಂತಳು.

"ಕರಿ ಪುಟ್ಟಾ. ಅಮ್ಮಾ, ಊಟಕ್ಕೆ ಬಾ ಅನ್ನು."

ಮಗು ಬಾಯಿ ತೆರೆಯಿತು. ಬಾಗಿಲ ಕಡೆ ನೋಡಿತು. ಬಾಯಿ ಮುಚ್ಚಿತು.

"ಅಮ್ಮ ಹಸ್ಕೊಂಡಿದಾಳೆ ಕಣೇ. ಕರಿ."

ಮಗುವಿನ ತುಟಿ ಮಾತ್ರ ಅಲುಗಿತು. ದನಿ ಬರಲಿಲ್ಲ. ಮತ್ತೆ ಬಾಗಿಲ ಕಡೆ ನೋಡಿತು. ಪಾಯಸದ ಮೇಲೆ ಕೆನೆ ಕಟ್ಟಿತು. ನಾಗಯ್ಯ ಕೂತಲ್ಲೇ ಹಣೆ ಚಚ್ಚಿಕೊಂಡ.

ಹುಲಿಗೆಮ್ಮ ಮಗುವನ್ನು ತೊಡೆಯ ಮೇಲೆ ಎಳೆದುಕೊಂಡಳು. "ಯಾಕೆ ಪುಟ್ಟಾ? ಯಾರೈದಾರೆ ಬಾಗಿಲಲ್ಲಿ?"

ಮಗು ಅಜ್ಜಿಯ ಕಿವಿಗೆ ಬಾಯಿ ಹಚ್ಚಿತು. ಉಸಿರಿನಷ್ಟೇ ದನಿ.

"ಮನೇಲಿ ಕನ್ನಡ ಮಾತಾಡಿದ್ರೂ ಗೊತ್ತಾಗುತ್ತೆ ಅಂದ್ರು ಮಿಸ್. ದೇವರು ನೋಡ್ತಿರ್ತಾನಂತೆ. ಮಿಸ್‌ಗೆ ಹೇಳ್ತಾನಂತೆ."

ಹುಲಿಗೆಮ್ಮ ಗೂಡಿನಲ್ಲಿದ್ದ ಅಮ್ಮನ ಪಟದ ಕಡೆ ನೋಡಿದಳು. ಕಾರ್ಖಾನೆ ಮುಚ್ಚಿದಾಗ ಈ ದೇವಿಯ ಮುಂದೆ ಅತ್ತಿದ್ದಳು. ಮಗಳು ಸತ್ತಾಗ ಈ ದೇವಿಗೇ ಬೈದು, ಮತ್ತೆ ಕಾಲು ಹಿಡಿದಿದ್ದಳು. ತನ್ನನ್ನು ಆಯಾ ಎಂದರು, ಸರಿ. ತನ್ನ ಬಟ್ಟೆಯನ್ನು ಮೈಲಿಗೆ ಎಂದರು, ಅದನ್ನೂ ಕೇಳಿಸಿಕೊಂಡಳು. ಈಗ ತನ್ನ ದೇವರನ್ನು ಚಾಡಿಕೋರನನ್ನಾಗಿ ಮಾಡಿದ್ದರು. ಒಂದು ಕೂಸು ತನ್ನ ಸತ್ತ ತಾಯಿಯನ್ನು ಊಟಕ್ಕೆ ಕರೆಯದ ಹಾಗೆ ಬಾಗಿಲಲ್ಲಿ ಕಾವಲು ನಿಲ್ಲಿಸಿದ್ದರು.

ಅಂದು ಯಾರೂ ಕರೆಯಲಿಲ್ಲ. ಬಾಗಿಲು ಎಳೆದುಕೊಳ್ಳಲಿಲ್ಲ. ಸಂಜೆಯ ತನಕ ಕಾದು, ಎಲೆಯನ್ನು ಎತ್ತಿ ಹೊರಗೆ ಹಾಕಿದರು. ಸೌಂದರ್ಯ ಉಪವಾಸ ಉಳಿದಳು.

ಮರುದಿನ ಶಾಲೆಯಿತ್ತು. ದಸರಾ ರಜೆ ಇನ್ನೂ ಶುರುವಾಗಿರಲಿಲ್ಲ. ಹುಲಿಗೆಮ್ಮ ಎಂದಿನಂತೆ ನೀಲಿ ಕೋಟು ತೊಟ್ಟು ಫಿನಾಯಿಲ್ ಹಾಕಿ ವರಾಂಡ ಒರೆಸುತ್ತಾ ಬಂದಳು. ಅರ್ಧ ಒರೆಸಿರಬೇಕು. ಬೆಲ್ ಆಯಿತು. ಮಕ್ಕಳು ನೀರು ಕುಡಿಯಲು ಹೊರಗೆ ನುಗ್ಗಿದವು. ಯಾರೋ ತಳ್ಳಿದರು. ರಂಜಿನಿ ಒದ್ದೆ ನೆಲದ ಮೇಲೆ ಜಾರಿ ಮುಖ ಅಡಿಯಾಗಿ ಬಿದ್ದಳು. ಅಜ್ಜಿ ಒರೆಸಿದ ನೆಲವೇ ಅದು. ತುಟಿ ಸೀಳಿತು. ಬಾಯಿ ತುಂಬ ರಕ್ತ.

"ಅಜ್ಜೀ!"

ಎಷ್ಟೋ ದಿನಗಳ ಮೇಲೆ ಆ ಮಗುವಿನ ಬಾಯಿಂದ ಗಟ್ಟಿಯಾಗಿ ಬಂದ ಮಾತು ಅದು.

ಹುಲಿಗೆಮ್ಮ ಬಕೆಟ್ ಒದ್ದುಕೊಂಡು ಓಡಿದಳು. ಮಗುವನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು. ಸುತ್ತ ನಿಂತ ಮಕ್ಕಳಲ್ಲಿ ಒಬ್ಬಳು, "ಮಿಸ್, ಶಿ ಸ್ಪೋಕ್ ಕನ್ನಡ!" ಎಂದು ಕೂಗಿದಳು.

ಮೋನಿಕಾ ಮಿಸ್ ಓಡಿ ಬಂದಳು. ರಕ್ತ ನೋಡಿ "ಅಯ್ಯಯ್ಯೋ" ಎಂದಳು. ಹಿಂದೆಯೇ ಪ್ರಿನ್ಸಿಪಾಲರು ಬಂದದ್ದನ್ನು ಕಂಡು ಬಾಯಿ ಮುಚ್ಚಿಕೊಂಡಳು.

"ಮೊದಲು ಔಷಧಿ ಹಚ್ಚಿ" ಎಂದರು ವಿಷ್ಣುಪ್ರಸಾದರು. "ಆಮೇಲೆ ಕೋಟು. ರೂಲ್ ಅಂದ್ರೆ ರೂಲ್. ಎಲ್ಲಾ ಮಕ್ಕಳು ನೋಡ್ತಾ ಇದಾರೆ. ತಗೊಂಡ್ಬಾ ಹುಲಿಗೆಮ್ಮ."

ಹುಲಿಗೆಮ್ಮ ಎದ್ದಳು. ಮೊಳೆಯಿಂದ ಕೋಟು ತೆಗೆದಳು. ಮಗುವಿನ ಹತ್ತಿರ ಬಂದು ಕೂತಳು. ಆ ಕೋಟಿನ ತೋಳನ್ನು ಮಡಚಿ ಮಗುವಿನ ತುಟಿಗೆ ಒತ್ತಿ ಹಿಡಿದಳು. ನೀಲಿ ಬಟ್ಟೆ ಕಪ್ಪಾಯಿತು.

"ಒರೆಸೋಕೆ ಅಲ್ಲ. ಹಾಕು."

"ಹಾಕಲ್ಲ."

"ಏನಂದೆ?"

"ಹಾಕಲ್ಲ ಅಂದೆ ಸಾರ್."

ಆ ವರಾಂಡದಲ್ಲಿ ಒಬ್ಬ ಆಯಾಳ ದನಿ ಅಷ್ಟು ಗಟ್ಟಿಯಾಗಿ ಎಂದೂ ಕೇಳಿರಲಿಲ್ಲ.

"ಮೆಲ್ಲಗೆ ಮಾತಾಡು. ಮಕ್ಕಳು ಕೇಳಿಸ್ಕೊಳ್ತಾರೆ."

"ಕೇಳಿಸ್ಕೊಳ್ಲಿ. ಇದು ನಂದು. ಈ ಬಟ್ಟೆ ಹಾಕ್ಕೊಂಡೇ ಇಲ್ಲಿರೋ ಮಕ್ಕಳ ಹೇಲು ಉಚ್ಚೆ ಬಳಿದಿದೀನಿ. ವಾಂತಿ ಬಳಿದಿದೀನಿ. ಅವಾಗ ಇದು ನಾಚಿಕೆ ಬಟ್ಟೆ ಆಗಿರ್ಲಿಲ್ಲ. ಮಗು ಆಡೋಕೆ ಅಂತ ಹೊಲ್ಕೊಟ್ಟೆ. ನೀವು ಅದನ್ನ ಚಪ್ಪಲಿ ಹಾರ ಮಾಡಿದ್ರಿ."

"ಕೆಲಸ ಹೋಗುತ್ತೆ ನಿಂದು."

"ಹೋಗ್ಲಿ."

"ಮೊಮ್ಮಗಳ ಸೀಟೂ ಹೋಗುತ್ತೆ. ಯೋಚನೆ ಮಾಡು. ಈ ಥರದ ಸ್ಕೂಲು ನಿಮಗೆ ಇನ್ನೆಲ್ಲಿ ಸಿಗುತ್ತೆ?"

ಹುಲಿಗೆಮ್ಮನಿಗೆ ಆಸ್ಪತ್ರೆಯ ಮಂಚ ಕಣ್ಣಿಗೆ ಬಂತು. ಅರಿಸಿನವಾದ ಉಗುರು ಬಂತು. ಭಂಡಾರ ಮುಟ್ಟಿ ಕೊಟ್ಟ ಮಾತು ಬಂತು. ಅವಳು ವರಾಂಡದ ತುದಿಯ ಬೆಂಚನ್ನು ನೋಡಿದಳು. ಅದರ ಪಕ್ಕದ ಖಾಲಿ ಮೊಳೆಯನ್ನು ನೋಡಿದಳು.

"ಕೌಂಟರಲ್ಲಿ ನಿಲ್ಲಿಸ್ತೀರಿ ಅಂತ ಕೂಸನ್ನ ಇಲ್ಲಿಗೆ ಕರ್ಕೊಂಡು ಬಂದೆ ಸಾರ್. ನೀ‍ವು ಇವಳನ್ನೂ ಮೇಲಿನ ಕೋಣೇಲೇ ಕೂರಿಸಿದ್ರಿ."

ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗಲೆಂದು ಅವಳು ಹೇಳಿರಲೂ ಇಲ್ಲ. ಮೋನಿಕಾ ಮಿಸ್ ಕಡೆ ತಿರುಗಿದಳು.

"ಬಸ್ಸಲ್ಲಿ ನಂಜೊತೆ ಯಾವ ಭಾಷೇಲಿ ಮಾತಾಡ್ತೀರಿ ಮಿಸ್? ನಿಮಗೆ ಯಾರು ಕೋಟು ಹಾಕ್ತಾರೆ? ದೇವರು ನೋಡಿ ನಿಮಗೆ ಹೇಳ್ತಾನೆ ಅಂದ್ರಂತೆ. ನಮ್ಮಮ್ಮ ನೋಡ್ತಾಳೆ, ನಿಜ. ಚಾಡಿ ಹೇಳೋಳಲ್ಲ. ಇಂಗ್ಲಿಷ್ ಕಲಿಸಿ ಅಂತ ಕಳಿಸಿದ್ವಿ. ದೇವರಿಗೆ ಹೆದರಿ ಮೂಗಿ ಆಗು ಅಂತ ಕಳಿಸ್ಲಿಲ್ಲ."

ಮೋನಿಕಾ ಮಿಸ್ ನೆಲ ನೋಡಿದಳು.

ಹುಲಿಗೆಮ್ಮ ತನ್ನ ಮೈಮೇಲಿನ ದೊಡ್ಡ ಕೋಟನ್ನು ಬಿಚ್ಚಿದಳು. ಬೆಂಚಿನ ಮೇಲಿಟ್ಟಳು. "ಇದನ್ನ ನೀವು ಹಾಕ್ಕೊಳ್ಳಿ ಸಾರ್. ಇನ್ನೂ ಅರ್ಧ ವರಾಂಡ ಉಳಿದೈತೆ" ಎಂದಳು. ಚಿಕ್ಕ ಕೋಟನ್ನು ಕಂಕುಳಲ್ಲಿ ಇಟ್ಟುಕೊಂಡು, ಮಗುವನ್ನು ಎತ್ತಿಕೊಂಡು ಗೇಟಿನ ಕಡೆ ನಡೆದಳು.

"ಶಾಂತಮ್ಮ, ಕ್ಲೀನ್ ಮಾಡು" ಎಂದ ಪ್ರಿನ್ಸಿಪಾಲರ ದನಿ ಹಿಂದಿನಿಂದ ಕೇಳಿತು. ಶಾಂತಮ್ಮ ಮಾಪು ಎತ್ತಿಕೊಂಡ ಸದ್ದೂ ಕೇಳಿತು. ಹುಲಿಗೆಮ್ಮ ತಿರುಗಿ ನೋಡಲಿಲ್ಲ. ಶಾಂತಮ್ಮನ ಮಗನೂ ಅದೇ ಶಾಲೆಯಲ್ಲಿದ್ದ.

ಮಧ್ಯಾಹ್ನದ ಬಸ್ಸು ಖಾಲಿಯಿತ್ತು. ಮಗು ಊದಿದ ತುಟಿಯೊಂದಿಗೆ ಕಿಟಕಿಗೆ ಒರಗಿ ಮಲಗಿತು. ಹುಲಿಗೆಮ್ಮ ಕೋಟನ್ನು ತೊಡೆಯ ಮೇಲೆ ಹರಡಿಕೊಂಡಳು. ಹಲ್ಲಿನಲ್ಲಿ ದಾರ ಕಚ್ಚಿ ಎಳೆದಳು. ತಾನೇ ಹಾಕಿದ ಒತ್ತೊತ್ತಾದ ಹೊಲಿಗೆ, ಸುಲಭಕ್ಕೆ ಬಿಚ್ಚಲಿಲ್ಲ. ಉಗುರು ಮುರಿಯಿತು. ಬಿಡಲಿಲ್ಲ. ಭದ್ರಾವತಿ ಬರುವಷ್ಟರಲ್ಲಿ ತೋಳು ಬೇರೆಯಾಗಿತ್ತು, ಜೇಬು ಬೇರೆಯಾಗಿತ್ತು, ಬೆನ್ನು ಬೇರೆಯಾಗಿತ್ತು. ಅದು ಮತ್ತೆ ಬರೀ ಬಟ್ಟೆಯಾಗಿತ್ತು.

ಮನೆಗೆ ಬಂದವಳೇ ಒಲೆ ಹಚ್ಚಿದಳು. ಶಾವಿಗೆ ಹುರಿದಳು.

"ಏನೇ ಮಾಡ್ತಿದೀಯ?" ಎಂದ ನಾಗಯ್ಯ.

"ಎಡೆ ಇಡ್ತೀನಿ."

"ನಿನ್ನೆಗೇ ಅಮಾವಾಸ್ಯೆ ಮುಗೀತು. ಇವತ್ತು ನವರಾತ್ರಿ ಮೊದಲ ದಿನ. ಇವತ್ತು ಎಡೆ ಇಡ್ತಾರೇನೇ? ಅಮ್ಮ ಮುನಿಯಲ್ವಾ?"

"ನನ್ನ ಮಗಳು ಉಪವಾಸ ಐದಾಳೆ. ಅಮ್ಮಂಗೆ ಗೊತ್ತಾಗುತ್ತೆ. ಅವಳೂ ಹೆಂಗಸು."

ನೆಲ ಒರೆಸಲು ಬಟ್ಟೆ ಬೇಕಿತ್ತು. ಕೋಟಿನ ಬೆನ್ನಿನ ತುಂಡನ್ನು ನೀರಿಗೆ ಅದ್ದಿ ಹಿಂಡಿ, ಎಲೆ ಹಾಕುವ ಜಾಗವನ್ನು ಒರೆಸಿದಳು. ಎಲೆ ಹಾಸಿದಳು. ಪಾಯಸ ಬಡಿಸಿದಳು. ಸೀರೆ ಇಟ್ಟಳು. ಹೊರಗೆ ಇನ್ನೂ ಸಂಜೆಯ ಬೆಳಕಿತ್ತು.

ರಂಜಿನಿಯನ್ನು ಎಲೆಯ ಮುಂದೆ ನಿಲ್ಲಿಸಿದಳು. ಮಗು ಕೈ ಮುಗಿಯಿತು. ಬಾಗಿಲ ಕಡೆ ನೋಡಿತು.

ಹುಲಿಗೆಮ್ಮ ಎದ್ದುಹೋಗಿ ಅರ್ಧ ಮುಚ್ಚಿದ್ದ ಬಾಗಿಲನ್ನು ಪೂರ್ತಿ ತೆರೆದಳು. ಗೋಡೆಗೆ ಬಡಿಯುವ ಹಾಗೆ ತೆರೆದಳು. "ಯಾರು ನೋಡ್ತಾರೋ ನೋಡ್ಲಿ" ಎಂದಳು. ಬಂದು ಮಗುವಿನ ಪಕ್ಕದಲ್ಲಿ ಕೂತಳು. ತೆರೆದ ಬಾಗಿಲಲ್ಲಿ ಯಾರೂ ಇರಲಿಲ್ಲ. ಹೊರಗೆ ಕಾರ್ಖಾನೆ ಕ್ವಾರ್ಟರ್ಸಿನ ಖಾಲಿ ಬೀದಿ.

ಮಗುವಿನ ಊದಿದ ತುಟಿ ಅಲುಗಿತು.

"ಅಮ್ಮಾ... ಊಟಕ್ಕೆ ಬಾ."

ನಾಗಯ್ಯ ಮುಖಕ್ಕೆ ಟವೆಲು ಒತ್ತಿಕೊಂಡ. ಹುಲಿಗೆಮ್ಮ ಅಳಲಿಲ್ಲ. ಮಗುವಿನ ಗಲ್ಲ ಹಿಡಿದು ಬಾಗಿಲ ಕಡೆಗೆ ತಿರುಗಿಸಿದಳು.

"ನಂಗೇ ಕೇಳಿಸ್ಲಿಲ್ಲ. ಸತ್ತೋಳಿಗೆ ಹೆಂಗೆ ಕೇಳುತ್ತೆ? ಜೋರಾಗಿ ಕರಿ."